ಪ್ರಯೋಗದ ಉತ್ತರ ತಪ್ಪಿತಾ? ಮೊದಲು ಎತ್ತ ಕಡೆ ತಪ್ಪಿದೆ ನೋಡಿ

ಶಾಲೆಯ ರೆಕಾರ್ಡ್ ಬುಕ್ಕಿನಲ್ಲಿ ಪ್ರತಿ ಪ್ರಯೋಗದ ಕೊನೆಗೂ ‘ದೋಷದ ಮೂಲಗಳು’ ಅಂತ ಒಂದು ಜಾಗ ಇರುತ್ತದೆ. ಬಹುಪಾಲು ಮಕ್ಕಳು ಅಲ್ಲಿ ಬರೆಯುವುದು ಒಂದೇ: ಮಾನವ ದೋಷ, ಉಪಕರಣದ ದೋಷ, ಗಾಳಿಯ ಪ್ರಭಾವ. ಲೋಲಕಕ್ಕೂ ಅದೇ, ಟೈಟ್ರೇಷನ್ನಿಗೂ ಅದೇ. ಜ್ವರ ಅಂತ ಹೋದವನಿಗೆ ಡಾಕ್ಟರು ‘ನಿಮಗೆ ಕಾಯಿಲೆ ಇದೆ’ ಅಂತ ಚೀಟಿ ಬರೆದುಕೊಟ್ಟ ಹಾಗೆ.

ತಪ್ಪು ಉತ್ತರ ಸುಮ್ನೆ ತಪ್ಪಾಗಿರುವುದಿಲ್ಲ. ಅದು ಜಾಸ್ತಿ ಬಂದಿದೆಯಾ, ಕಡಿಮೆ ಬಂದಿದೆಯಾ? ಎಷ್ಟು? ಮತ್ತೆ ಮಾಡಿದರೂ ಅಷ್ಟೇ ಬರುತ್ತಾ? ಇಷ್ಟು ನೋಡಿದರೆ ತಪ್ಪು ಎಲ್ಲಿ ನುಸುಳಿತು ಅಂತ ಎಷ್ಟೋ ಸಲ ಕೂತಲ್ಲೇ ಹೇಳಬಹುದು. ಈ ಬರಹ ಹೈಸ್ಕೂಲು ಮತ್ತು ಪಿಯುಸಿ ಲ್ಯಾಬಿನ ಪ್ರಯೋಗಗಳಿಗೆ. ನಮ್ಮ ಬೆಂಗಳೂರಿನ ಲ್ಯಾಬುಗಳಿಗೆ ಮಾತ್ರ ಅಂಟಿಕೊಂಡ ಒಂದೆರಡು ಸಂಗತಿಗಳೂ ಇವೆ. ಅವನ್ನು ಪಠ್ಯಪುಸ್ತಕ ಹೇಳುವುದಿಲ್ಲ.

ಮೊದಲು ಮತ್ತೊಮ್ಮೆ ಮಾಡಿ

ಉತ್ತರ ಸರಿ ಬರಲಿಲ್ಲ ಅಂದ ತಕ್ಷಣ ಉಪಕರಣ ಬಿಚ್ಚಬೇಡಿ. ಏನನ್ನೂ ಮುಟ್ಟದೆ ಅದೇ ರೀಡಿಂಗ್ ಇನ್ನೆರಡು ಸಲ ತೆಗೆದುಕೊಳ್ಳಿ. ರೀಡಿಂಗ್ ಹಿಂದೆ ಮುಂದೆ ಓಡಾಡುತ್ತಿದ್ದರೆ ತಪ್ಪು ನಿಮ್ಮ ಕೈಯಲ್ಲೋ ಕಣ್ಣಲ್ಲೋ ಸಡಿಲ ತಂತಿಯಲ್ಲೋ ಇದೆ. ಸರಾಸರಿ ತೆಗೆದರೆ ಅರ್ಧ ತೊಂದರೆ ಕಳೆಯುತ್ತದೆ. ಪ್ರತಿ ಸಲವೂ ಅಷ್ಟೇ ಬಂದು, ಅದು ತಪ್ಪೇ ಆಗಿದ್ದರೆ ವಿಷಯ ಬೇರೆ. ನೂರು ಸಲ ಮಾಡಿ ಸರಾಸರಿ ತೆಗೆದರೂ ತಪ್ಪು ಹಾಗೇ ಇರುತ್ತದೆ. ಆಗ ಸ್ಕೇಲು, ಸೊನ್ನೆ, ದ್ರಾವಣ, ಎಣಿಸುವ ರೀತಿ ಇವುಗಳಲ್ಲಿ ಹುಡುಕಬೇಕು.

ಈ ಎರಡನೇ ಜಾತಿಯ ತಪ್ಪಿಗೆ ನಮ್ಮೂರಲ್ಲೇ ಒಳ್ಳೆಯ ಉದಾಹರಣೆ ಇದೆ. 1800ರಲ್ಲಿ ಬ್ರಿಟಿಷ್ ಸರ್ವೇಯರ್ ವಿಲಿಯಂ ಲ್ಯಾಂಬ್ಟನ್ ನಕ್ಷೆಯ ಕೆಲಸಕ್ಕೆ ಬೆಂಗಳೂರಿನ ಬಯಲಲ್ಲಿ ಏಳು ಮೈಲಿಗೂ ಉದ್ದದ ಒಂದು ಆಧಾರರೇಖೆಯನ್ನು 100 ಅಡಿಯ ಉಕ್ಕಿನ ಸರಪಳಿಯಿಂದ ಅಳೆದ. ಅಳೆಯುವಾಗ ಸರಪಳಿಯ ಪಕ್ಕದಲ್ಲೇ ಥರ್ಮಾಮೀಟರ್ ಇಟ್ಟಿದ್ದ. ಯಾಕೆ ಅಂತೀರಾ? ಹತ್ತು ಡಿಗ್ರಿ ಬಿಸಿ ಏರಿದರೆ 100 ಅಡಿ ಉಕ್ಕು ಮೂರೂವರೆ ಮಿಲಿಮೀಟರಿನಷ್ಟು ಹಿಗ್ಗುತ್ತದೆ. ಒಂದು ಸಲಕ್ಕೆ ಅದು ಏನೂ ಅಲ್ಲ. ಆದರೆ ಏಳು ಮೈಲಿ ದಾಟಿದ ಆ ರೇಖೆಗೆ ಸುಮಾರು 390 ಸಲ ಸರಪಳಿ ಹಾಕಬೇಕು, ಪ್ರತಿ ಸಲವೂ ತಪ್ಪು ಒಂದೇ ದಿಕ್ಕಿಗೆ. ಎಲ್ಲ ಕೂಡಿದರೆ ಒಂದು ಮೀಟರಿಗೂ ಜಾಸ್ತಿ ಆಗುತ್ತದೆ.

ಅದು ದೋಷವೇ ಅಲ್ಲದಿರಬಹುದು

ನೀರು ಕುದಿಸುವ ಪ್ರಯೋಗ. ಥರ್ಮಾಮೀಟರ್ 97ಕ್ಕೆ ಬಂದು ನಿಲ್ಲುತ್ತದೆ. ನೀರು ಕೊತಕೊತ ಕುದಿಯುತ್ತಿದೆ, ಪಾದರಸ ಮಾತ್ರ ಮೇಲೇಳುವುದಿಲ್ಲ. ಹುಡುಗರು ಪಕ್ಕದವರ ಮುಖ ನೋಡಿ ರೆಕಾರ್ಡಿನಲ್ಲಿ 100 ಅಂತ ಬರೆದುಬಿಡುತ್ತಾರೆ. ಅಲ್ಲಿ ತಪ್ಪು ಅಂದರೆ ಆ 100 ಮಾತ್ರ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ 760 ಮಿಲಿಮೀಟರ್ ಪಾದರಸ ಅಲ್ಲ, 685ರ ಆಸುಪಾಸು. ಆ ಒತ್ತಡಕ್ಕೆ ನೀರು ಕುದಿಯುವುದೇ 97 ಡಿಗ್ರಿಗೆ. ಮಂಗಳೂರಿನ ಕಡಲ ತೀರದ ಶಾಲೆಯಲ್ಲಿ 100 ಬರಬೇಕು. ನಂದಿ ಬೆಟ್ಟದ ಮೇಲೆ 95ರ ಹತ್ತಿರ. ಮೋಡ, ಮಳೆ ಅಂತ ದಿನದಿಂದ ದಿನಕ್ಕೆ ಆಗುವ ಬದಲಾವಣೆ ಹೆಚ್ಚೆಂದರೆ ಡಿಗ್ರಿಯ ಹತ್ತನೇ ಒಂದೆರಡು ಭಾಗ, ಲ್ಯಾಬಿನ ಥರ್ಮಾಮೀಟರಿನಲ್ಲಿ ಅದು ಕಾಣುವುದೇ ಇಲ್ಲ.

ಹಾಗಂತ 97 ಬಂದ ಥರ್ಮಾಮೀಟರೆಲ್ಲ ಸರಿ ಅಂತಲ್ಲ. ಪುಡಿ ಮಾಡಿದ ಐಸ್ ತಗೊಂಡು, ಅದು ಕರಗಿ ನೀರು ಬಿಡುವವರೆಗೆ ಕಾಯಿರಿ. ಫ್ರೀಜರಿನಿಂದ ಈಗಷ್ಟೇ ತೆಗೆದ ಐಸ್ ಸೊನ್ನೆಗಿಂತ ಕೆಳಗಿರುತ್ತದೆ. ಕರಗುತ್ತಿರುವ ಐಸಿನಲ್ಲಿ ಬುಡ ಪೂರ್ತಿ ಮುಳುಗಿಸಿ. 0 ತೋರಿಸಿದರೆ ಸರಿ. 1 ತೋರಿಸಿ, ಕುದಿಯುವಾಗ 98 ತೋರಿಸಿದರೆ ಥರ್ಮಾಮೀಟರ್ ಎಲ್ಲ ಕಡೆ ಒಂದು ಡಿಗ್ರಿ ಜಾಸ್ತಿ ಹೇಳುತ್ತಿದೆ, ಪ್ರತಿ ರೀಡಿಂಗಿನಲ್ಲೂ ಒಂದು ಕಳೆದುಕೊಂಡರೆ ಆಯಿತು. ಐಸಿನಲ್ಲಿ 0, ಕುದಿಯುವಾಗ 93 ಬಂದರೆ ಸ್ಕೇಲೇ ಕೆಟ್ಟಿರಬಹುದು. ಪಾದರಸದ ಎಳೆ ನಡುವೆ ತುಂಡಾಗಿದೆಯಾ ಅಂತಲೂ ನೋಡಿಕೊಳ್ಳಿ. ಬೆಳಕಿಗೆ ಹಿಡಿದರೆ ತುಂಡಾದಲ್ಲಿ ಸಣ್ಣ ಬಿರುಕು ಕಾಣುತ್ತದೆ. ಕುದಿಯುವಾಗ 99, 100 ಅಂತ ಏರಿದರೆ ಬುಡ ಬೀಕರಿನ ತಳಕ್ಕೆ ತಾಗಿದೆಯಾ ನೋಡಿ.

ಇದರ ಉಲ್ಟಾ ಬಲೆಯೂ ಒಂದಿದೆ. ಲೋಲಕದಲ್ಲಿ ಜಿ (ಗುರುತ್ವ ವೇಗೋತ್ಕರ್ಷ) ಬೆಲೆ 9.4 ಬಂದಾಗ ‘ಬೆಂಗಳೂರು ಎತ್ತರದಲ್ಲಿದೆ ಸರ್, ಅದಕ್ಕೇ’ ಅನ್ನುವುದು. ಕೇಳಲು ಚೆನ್ನಾಗಿದೆ, ವೈವಾದಲ್ಲಿ ನಡೆಯುವುದಿಲ್ಲ. ಇಲ್ಲಿ ಜಿ ಸುಮಾರು 9.78. ಪುಸ್ತಕದ 9.8ಕ್ಕೂ ಇದಕ್ಕೂ ಇರುವ ಅಂತರ ನೂರಕ್ಕೆ ಕಾಲು ಭಾಗವೂ ಇಲ್ಲ. ಶಾಲೆಯ ದಾರ, ಗುಂಡು, ಸ್ಟಾಪ್‌ವಾಚಿಗೆ ಅಷ್ಟು ಸೂಕ್ಷ್ಮ ಹಿಡಿಯುವ ಶಕ್ತಿ ಇಲ್ಲ. 9.4ಕ್ಕೆ ಕಾರಣ ಬೇರೆ ಕಡೆ ಇದೆ.

ಲೋಲಕ: ಉತ್ತರವೇ ದೂರು ಹೇಳುತ್ತದೆ

ದೋಷ ಹಿಡಿಯುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪ್ರಯೋಗ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಪ್ರತಿ ತಪ್ಪಿಗೂ ಬೇರೆ ಬೇರೆ ಅಂಕಿ ಬರುತ್ತದೆ.

ಒಂದು ಮೀಟರ್ ಉದ್ದದ ಲೋಲಕ ಇಲ್ಲಿ 20 ಆಂದೋಲನಕ್ಕೆ 40.2 ಸೆಕೆಂಡ್ ತಗೊಳ್ಳಬೇಕು. ನಿಮಗೆ 38.2 ಬಂತು ಅಂದುಕೊಳ್ಳಿ. ಲೆಕ್ಕ ಹಾಕಿದರೆ ಜಿ 10.8 ಆಗುತ್ತದೆ. ಈ 10.8 ನೋಡಿದ ಕೂಡಲೇ ಹೇಳಬಹುದು: ಸ್ಟಾಪ್‌ವಾಚ್ ಒತ್ತಿದಾಗ ‘ಒಂದು’ ಅಂತ ಶುರು ಮಾಡಿದ್ದೀರಿ. ಒತ್ತಿದಾಗ ಇನ್ನೂ ಒಂದೂ ಆಂದೋಲನ ಮುಗಿದಿಲ್ಲ ಅಲ್ವಾ? ಹಾಗಾಗಿ 20 ಅಂತ ನಿಲ್ಲಿಸಿದಾಗ ಆಗಿರುವುದು 19 ಮಾತ್ರ. ‘ಸೊನ್ನೆ, ಒಂದು, ಎರಡು’ ಅಂತ ಎಣಿಸಿದರೆ ಈ ತಪ್ಪು ಅಲ್ಲಿಗೇ ಮುಗಿಯಿತು. ಎಣಿಕೆಯಲ್ಲಿ ಒಂದು ತಪ್ಪಿಹೋಗಿ 21 ಆಗಿದ್ದರೆ ಜಿ 8.9ರ ಹತ್ತಿರ ಇಳಿಯುತ್ತದೆ. ಜಿ ಬೆಲೆ 39 ಬಂದರೆ ಗಾಬರಿ ಬೇಡ. ಗುಂಡು ಆ ಕಡೆ ಹೋದದ್ದನ್ನೇ ಒಂದು ಆಂದೋಲನ ಅಂತ ಎಣಿಸಿದ್ದೀರಿ, ವಾಪಸು ಬರುವುದನ್ನು ಬಿಟ್ಟಿದ್ದೀರಿ. ಕಾಲ ಅರ್ಧ ಆಯಿತು, ಜಿ ನಾಲ್ಕು ಪಟ್ಟು ಆಯಿತು.

ಇನ್ನು ಚಿಕ್ಕ ತಪ್ಪುಗಳು. ಜಿ 9.7ಕ್ಕೆ ಇಳಿದಿದ್ದರೆ ಉದ್ದವನ್ನು ಗುಂಡಿನ ಕೊಕ್ಕೆಯವರೆಗೆ ಮಾತ್ರ ಅಳೆದಿರಬಹುದು. ಅಳೆಯಬೇಕಾದದ್ದು ಗುಂಡಿನ ನಡುಮಧ್ಯದವರೆಗೆ. ತ್ರಿಜ್ಯ ಒಂದು ಸೆಂಟಿಮೀಟರ್ ಇದ್ದರೆ 100 ಸೆಂ.ಮೀ. ಲೋಲಕದಲ್ಲಿ ನೂರಕ್ಕೆ ಒಂದು ತಪ್ಪು, 50 ಸೆಂ.ಮೀ. ಲೋಲಕದಲ್ಲಿ ನೂರಕ್ಕೆ ಎರಡು. ಅಂದರೆ ದಾರ ಗಿಡ್ಡ ಆದಷ್ಟೂ ತಪ್ಪು ಜಾಸ್ತಿ. ಉದ್ದ ಬದಲಿಸಿದಂತೆ ಜಿ ಕೂಡ ಒಂದೇ ಕಡೆಗೆ ಜಾರುತ್ತಿದ್ದರೆ ಮೊದಲ ಅನುಮಾನ ಉದ್ದದ ಅಳತೆಯ ಮೇಲೆ.

9.4, 9.5 ಬಂದು, ಎಲ್ಲ ಉದ್ದಕ್ಕೂ ಹೆಚ್ಚು ಕಡಿಮೆ ಅಷ್ಟೇ ಇದ್ದರೆ? ಗುಂಡನ್ನು ತುಂಬ ದೂರ ಎಳೆದು ಬಿಟ್ಟಿದ್ದೀರಿ. ನಾವು ಬಳಸುವ ಸೂತ್ರ ಸಣ್ಣ ಓಲಾಟಕ್ಕೆ ಮಾತ್ರ. 10 ಡಿಗ್ರಿವರೆಗೆ ಜಿ ಬೆಲೆಯಲ್ಲಿ ಆಗುವ ತಪ್ಪು ನೂರಕ್ಕೆ ಅರ್ಧಕ್ಕಿಂತ ಕಡಿಮೆ. 30 ಡಿಗ್ರಿಗೆ ನೂರಕ್ಕೆ ಮೂರು ದಾಟುತ್ತದೆ. ಮಕ್ಕಳಿಗೆ ದೊಡ್ಡದಾಗಿ ಓಲಾಡಿಸುವುದೇ ಖುಷಿ, ಏನು ಮಾಡೋದು.

ಸಮಯ ಒತ್ತುವ ಜಾಗವೂ ಮುಖ್ಯ. ಗುಂಡು ತುದಿಯಲ್ಲಿ ನಿಧಾನವಾಗಿ ತಿರುಗುತ್ತದೆ, ಯಾವ ಕ್ಷಣಕ್ಕೆ ತಿರುಗಿತು ಅಂತ ಕಣ್ಣು ಸರಿಯಾಗಿ ಹೇಳುವುದಿಲ್ಲ. ನಡುವೆ ಅದು ಜೋರಾಗಿ ಹಾದುಹೋಗುತ್ತದೆ. ಹಿಂದಿನ ಗೋಡೆಗೆ ಸೀಮೆಸುಣ್ಣದ ಗೆರೆ ಎಳೆದು, ದಾರ ಗೆರೆ ದಾಟುವಾಗ ಒತ್ತಿ. ನಮ್ಮ ಬೆರಳು ಸುಮಾರು 0.2 ಸೆಕೆಂಡ್ ತಡ ಮಾಡುತ್ತದೆ. ಒಂದೇ ಆಂದೋಲನ ಅಳೆದರೆ ಅದು ನೂರಕ್ಕೆ ಹತ್ತು ತಪ್ಪು, ಇಪ್ಪತ್ತು ಅಳೆದರೆ ನೂರಕ್ಕೆ ಅರ್ಧ. ಇಪ್ಪತ್ತು ಎಣಿಸಿ ಅಂತ ಹೇಳುವುದು ಇದಕ್ಕೇ.

ಮೇಲಿನ ತುದಿಯನ್ನೂ ಒಮ್ಮೆ ಕಣ್ಣು ಹತ್ತಿರ ತಂದು ನೋಡಿ. ಸೀಳಿದ ಕಾರ್ಕಿನ ಎರಡು ಹೋಳುಗಳ ನಡುವೆ ದಾರ ಬಿಗಿಯಾಗಿ ಹೊರಬರಬೇಕು. ಹಳೆಯ ಕಾರ್ಕಿನ ಅಂಚು ಸವೆದು ದುಂಡಗಾಗಿದ್ದರೆ ದಾರ ಓಲಾಡುವಾಗ ಆ ದುಂಡಿಗೆ ಒರಗಿ ಬಿಡುತ್ತದೆ. ಆಗ ಉದ್ದ ಪ್ರತಿ ಓಲಾಟದಲ್ಲೂ ಚೂರು ಚೂರು ಬದಲಾಗುತ್ತಾ ಇರುತ್ತದೆ. ಹತ್ತಿಯ ದಾರವಾದರೆ ಗುಂಡಿನ ಭಾರಕ್ಕೆ ಎಳೆಯುತ್ತದೆ. ಗುಂಡು ನೇತುಹಾಕಿದ ಮೇಲೆ ಅಳೆಯಿರಿ, ಪ್ರಯೋಗ ಮುಗಿದ ಮೇಲೆ ಮತ್ತೊಮ್ಮೆ ಅಳೆಯಿರಿ. ಫ್ಯಾನ್ ಆಫ್ ಮಾಡಿ, ಇಲ್ಲದಿದ್ದರೆ ಗುಂಡು ನೇರ ಓಲಾಡದೆ ಸುತ್ತಲು ಶುರು ಮಾಡುತ್ತದೆ.

ಇಷ್ಟೆಲ್ಲ ಪರೀಕ್ಷೆಯನ್ನು ಒಂದೇ ಗ್ರಾಫ್ ಮಾಡಿಕೊಡುತ್ತದೆ. ಅಡ್ಡಕ್ಕೆ ಉದ್ದ, ಲಂಬಕ್ಕೆ ಆಂದೋಲನ ಕಾಲದ ವರ್ಗ. ಗೆರೆ ನೇರವಾಗಿದ್ದು ಮೂಲಬಿಂದುವಿನ ಮೂಲಕ ಹೋಗಬೇಕು. ನೇರವಾಗಿದ್ದೂ ಮೂಲಬಿಂದು ತಪ್ಪಿ ಸ್ವಲ್ಪ ಮೇಲೆ ಕತ್ತರಿಸಿದರೆ ತ್ರಿಜ್ಯ ಬಿಟ್ಟಿದ್ದೀರಿ. ಮಜಾ ಏನೆಂದರೆ ಆಗಲೂ ಗೆರೆಯ ಇಳಿಜಾರು ಸರಿಯಾಗೇ ಇರುತ್ತದೆ, ಅದರಿಂದ ತೆಗೆದ ಜಿ ಕೂಡ ಸರಿ. ಗೆರೆ ಮೂಲಬಿಂದುವಿನ ಮೂಲಕ ಹೋಗಿಯೂ ಜಿ ತಪ್ಪಿದ್ದರೆ ಎಣಿಕೆ ತಪ್ಪಿದೆ, ಇಲ್ಲವೇ ಓಲಾಟ ದೊಡ್ಡದಾಯಿತು.

ವಿದ್ಯುತ್ತಿನ ಪ್ರಯೋಗ

ಓಮನ ನಿಯಮದ ಸರ್ಕ್ಯೂಟ್ ಜೋಡಿಸಿದಿರಿ, ಅಮ್ಮೀಟರಿನ ಮುಳ್ಳು ಅಲ್ಲಾಡಲೇ ಇಲ್ಲ. ಎಲ್ಲ ಬಿಚ್ಚಿ ಮತ್ತೆ ಜೋಡಿಸುವುದು ಸಮಯ ಹಾಳು. ಕೀ ಹಾಕಿಯೇ ಇಟ್ಟು, ವೋಲ್ಟ್‌ಮೀಟರಿನ ಎರಡು ತುದಿಗಳನ್ನು ಒಂದೊಂದೇ ಭಾಗದ ಎರಡೂ ಕಡೆ ಮುಟ್ಟಿಸುತ್ತಾ ಹೋಗಿ: ಕೀ, ರಿಯೋಸ್ಟಾಟ್, ತಂತಿ, ಪ್ರತಿ ಜೋಡಣೆ. ಎಲ್ಲಿ ಸೆಲ್ಲಿನ ಪೂರ್ತಿ ವೋಲ್ಟೇಜ್ ತೋರಿಸುತ್ತದೋ ಅಲ್ಲೇ ಕತ್ತರಿಸಿದೆ. ಎಲ್ಲೂ ಏನೂ ತೋರಿಸದಿದ್ದರೆ ಸೆಲ್ ಸತ್ತಿರಬಹುದು, ಇಲ್ಲವೇ ಒಂದಕ್ಕಿಂತ ಹೆಚ್ಚು ಕಡೆ ಕತ್ತರಿಸಿರಬಹುದು.

ಕತ್ತರಿಸಿದ ಜಾಗ ಹೊರಗೆ ಕಾಣುವುದೇ ಇಲ್ಲ. ಅಗ್ಗದ ಕ್ರೊಕೊಡೈಲ್ ಕ್ಲಿಪ್ಪಿನ ಬಣ್ಣದ ಕವಚ ಹಿಂದಕ್ಕೆ ಸರಿಸಿ ನೋಡಿ: ತಂತಿಯ ನಾಲ್ಕೈದು ಎಳೆಗಳನ್ನು ತಗಡಿನ ಕೆಳಗೆ ಮಡಚಿ ಒತ್ತಿರುತ್ತಾರೆ, ಬೆಸುಗೆ ಇರುವುದಿಲ್ಲ. ಎಳೆದರೆ ಕೈಗೇ ಬರುತ್ತದೆ. ಎಲೆಕ್ಟ್ರಾನಿಕ್ಸ್ ಸಾಮಾನಿಗೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವುದಿದ್ದರೆ ಬೆಸುಗೆ ಹಾಕಿದ್ದನ್ನೇ ಕೇಳಿ, ಕವಚ ಸರಿಸಿ ನೋಡಿಯೇ ತನ್ನಿ. ಎನಾಮಲ್ ತಾಮ್ರದ ತಂತಿಯ ತುದಿ ಮಿಂಚುತ್ತಿದ್ದರೂ ಅದರ ಮೇಲೆ ವಾರ್ನಿಷ್ ಇರುತ್ತದೆ, ಮರಳುಕಾಗದದಲ್ಲಿ ಉಜ್ಜದೆ ಕರೆಂಟ್ ಹರಿಯುವುದಿಲ್ಲ. ಪ್ಲಗ್ ಕೀಯನ್ನು ಸುಮ್ನೆ ಇಟ್ಟರೆ ಸಾಲದು, ಒತ್ತಿ ತಿರುಗಿಸಬೇಕು. ಮುಳ್ಳು ನಡುಗುತ್ತಿದ್ದರೆ ಹೆಚ್ಚಾಗಿ ಕಾರಣ ಇದೇ.

ರೀಡಿಂಗ್ ಬಂದು ರೆಸಿಸ್ಟೆನ್ಸ್ ಸರಿಯಾಗಿ ಐದು ಪಟ್ಟು ಆಚೀಚೆ ಆದರೆ ಮೀಟರಿನ ತಪ್ಪು ಸ್ಕೇಲ್ ಓದಿದ್ದೀರಿ. 3 ವೋಲ್ಟಿಗೂ 15 ವೋಲ್ಟಿಗೂ ಒಂದೇ ಮುಳ್ಳು ಇರುವ ಮೀಟರುಗಳಲ್ಲಿ ಇದು ದಿನಾ ಆಗುತ್ತದೆ. ಗ್ರಾಫ್ ನೇರವಾಗಿದ್ದು ಮೂಲಬಿಂದು ತಪ್ಪಿದರೆ ಕರೆಂಟ್ ಇಲ್ಲದಾಗಲೂ ಮುಳ್ಳು ಸೊನ್ನೆಯಲ್ಲಿ ಕೂರುತ್ತಿಲ್ಲ. ಗ್ರಾಫ್ ಬಾಗಿದರೆ ಬಿಸಿ ಕಾರಣ ಇರಬಹುದು, ಆದರೆ ತಂತಿ ಯಾವುದು ಅಂತ ನೋಡಿ ಹೇಳಿ. ಟಾರ್ಚ್ ಬಲ್ಬಾದರೆ ಬಾಗಲೇಬೇಕು, ಬಿಸಿಯಾದ ಟಂಗ್‌ಸ್ಟನ್ ಎಳೆಯ ರೆಸಿಸ್ಟೆನ್ಸ್ ತಣ್ಣಗಿರುವಾಗಿನದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ನೈಕ್ರೋಮ್ ತಂತಿಯಲ್ಲಿ ಬಿಸಿಯಿಂದ ಆಗುವ ಬದಲಾವಣೆ ತುಂಬ ಕಡಿಮೆ. ಅದರ ಗ್ರಾಫ್ ಬಾಗಿದ್ದರೆ ‘ಬಿಸಿ’ ಅಂತ ಬರೆಯುವ ಮೊದಲು ಎರಡು ಮೀಟರನ್ನೂ ಒಂದೇ ಸಮಯಕ್ಕೆ ಓದಿದಿರಾ ಅಂತ ಕೇಳಿಕೊಳ್ಳಿ. ಓದುವಾಗ ಮಾತ್ರ ಕೀ ಹಾಕಿ, ಉಳಿದ ಹೊತ್ತು ತೆಗೆದಿಡಿ.

ಮಸೂರ, ವರ್ನಿಯರ್, ಸ್ಕ್ರೂಗೇಜ್

ಇಲ್ಲಿ ಜಾಸ್ತಿ ಹೇಳುವುದಿಲ್ಲ. ಪೀನ ಮಸೂರದ ಸಂಗಮದೂರ ಜಾಸ್ತಿ ಬಂದರೆ ‘ದೂರದ ವಸ್ತು’ ದೂರ ಇರಲಿಲ್ಲ. 20 ಸೆಂ.ಮೀ. ಮಸೂರದಿಂದ ಮೂರು ಮೀಟರ್ ಆಚೆಯ ಕಿಟಕಿಯನ್ನು ಗೋಡೆಗೆ ಮೂಡಿಸಿದರೆ 21.4 ಬರುತ್ತದೆ. ಇಪ್ಪತ್ತು ಮೀಟರ್ ದೂರದ ಮರವಾದರೆ 20.2. ಕಿಟಕಿಯ ಸರಳು ಬಿಟ್ಟು ಹೊರಗಿನ ಮರವನ್ನೇ ಸ್ಪಷ್ಟ ಮಾಡಿ. ವರ್ನಿಯರಿನಲ್ಲಿ ದವಡೆ ಮುಚ್ಚಿ ಸೊನ್ನೆ ನೋಡಿ. ಸ್ಕ್ರೂಗೇಜನ್ನು ಒಂದೇ ದಿಕ್ಕಿಗೆ ತಿರುಗಿಸುತ್ತಾ ಬಂದು, ಕೊನೆಗೆ ರ‍್ಯಾಚೆಟ್ ಕಟಕಟ ಅನ್ನುವಾಗ ನಿಲ್ಲಿಸಿ. ಹಿಂದೆ ಮುಂದೆ ತಿರುಗಿಸಿ ಹೊಂದಿಸಿದರೆ ಸ್ಕ್ರೂವಿನ ಎಳೆಗಳ ನಡುವಿನ ಸಡಿಲ ರೀಡಿಂಗಿಗೆ ಸೇರಿಕೊಳ್ಳುತ್ತದೆ.

ಟೈಟ್ರೇಷನ್, ಮತ್ತೆ ನಮ್ಮ ನೀರು

ಟೈಟ್ರೇಷನ್ ಅಂದರೆ ಒಂದು ದ್ರಾವಣವನ್ನು ಬ್ಯೂರೆಟ್ಟಿನಿಂದ ಹನಿಹನಿಯಾಗಿ ಇನ್ನೊಂದಕ್ಕೆ ಬಿಟ್ಟು, ಎಷ್ಟು ಬೇಕಾಯಿತು ಅಂತ ಅಳೆಯುವುದು. ಬ್ಯೂರೆಟ್ ರೀಡಿಂಗ್ ಜಾಸ್ತಿ ಬಂತಾ? ಮೂರು ಕಡೆ ನೋಡಿ. ಬ್ಯೂರೆಟ್ಟನ್ನು ನೀರಿನಲ್ಲಿ ತೊಳೆದು ಹಾಗೇ ದ್ರಾವಣ ತುಂಬಿದಿರಾ? ಒಳಗೆ ಉಳಿದ ನೀರು ಅದನ್ನು ತೆಳುವಾಗಿಸಿದೆ. ಮೂತಿಯಲ್ಲಿ ಗಾಳಿಗುಳ್ಳೆ ಇದ್ದು ನಡುವೆ ಹೊರಟುಹೋಯಿತಾ? ಅದರ ಜಾಗಕ್ಕೆ ಇಳಿದ ದ್ರಾವಣವೂ ಲೆಕ್ಕಕ್ಕೆ ಬಂತು. ಕೋನಿಕಲ್ ಫ್ಲಾಸ್ಕನ್ನು ಪಿಪೆಟ್ಟಿನ ದ್ರಾವಣದಿಂದ ತೊಳೆದಿರಾ? ಅದನ್ನು ನೀರಿನಿಂದ ಮಾತ್ರ ತೊಳೆಯಬೇಕು. ರೀಡಿಂಗ್ ಕಡಿಮೆ ಬಂದರೆ ಪಿಪೆಟ್ಟಿನಲ್ಲಿ ನೀರು ಉಳಿದಿತ್ತು, ಅಥವಾ ಆಲಿಕೆಯನ್ನು ಬ್ಯೂರೆಟ್ಟಿನ ಮೇಲೇ ಬಿಟ್ಟಿದ್ದೀರಿ, ಅದರಿಂದ ಹನಿ ಒಳಗೆ ಬಿದ್ದಿದೆ.

ಪರ್ಮಾಂಗನೇಟಿನಲ್ಲಿ ಕಂದು ಬಗ್ಗಡ ಬಂದರೆ ಸಲ್ಫ್ಯೂರಿಕ್ ಆಮ್ಲ ಸಾಲದು, ಇಲ್ಲವೇ ಬೇಗ ಬೇಗ ಬಿಟ್ಟಿದ್ದೀರಿ. ಆಕ್ಸಾಲಿಕ್ ಆಮ್ಲ 60, 70 ಡಿಗ್ರಿ ಬಿಸಿ ಇರಬೇಕು. ಮೊದಲ ಹನಿಗಳ ಬಣ್ಣ ನಿಧಾನವಾಗಿ ಮಾಯವಾಗುವುದು ದೋಷ ಅಲ್ಲ, ಕ್ರಿಯೆ ತಾನೇ ಹುಟ್ಟಿಸಿದ ಮ್ಯಾಂಗನೀಸ್ ಅಯಾನುಗಳಿಂದ ಆಮೇಲೆ ಚುರುಕಾಗುತ್ತದೆ. ಬಣ್ಣ ದಟ್ಟ ಇರುವುದರಿಂದ ಓದಬೇಕಾದದ್ದು ಮೇಲಿನ ಅಂಚು.

ಲವಣ ಪರೀಕ್ಷೆಯಲ್ಲಿ ಎಲ್ಲರಿಗೂ ಕ್ಲೋರೈಡೇ ಸಿಕ್ಕರೆ ಬಾಟಲಿಯ ಲವಣವನ್ನಲ್ಲ, ನೀರನ್ನು ಅನುಮಾನಿಸಿ. ಸಿಲ್ವರ್ ನೈಟ್ರೇಟ್ ಹನಿ ಹಾಕಿದಾಗ ಬರುವ ಬಿಳಿ ಮೋಡ ನಲ್ಲಿ ನೀರಿನಲ್ಲೂ ಬರುತ್ತದೆ, ಬೋರ್‌ವೆಲ್ ನೀರಿನಲ್ಲಿ ಜೋರಾಗೇ ಬರುತ್ತದೆ. ಆರ್‌ಒ ನೀರು ಸಾಕು ಅಂತ ಕೆಲವರು ಅಂದುಕೊಳ್ಳುತ್ತಾರೆ, ಅದರಲ್ಲೂ ಸ್ವಲ್ಪ ಲವಣ ಉಳಿದಿರುತ್ತದೆ. ಬರೀ ನೀರಿಗೆ ಅದೇ ಹನಿ ಹಾಕಿ ನೋಡುವುದು ಅರ್ಧ ನಿಮಿಷದ ಕೆಲಸ.

ಬೆಂಗಳೂರಿನ ಶಾಲೆಗಳಲ್ಲಿ ಒಂದು ವಾರ ಕಾವೇರಿ, ಇನ್ನೊಂದು ವಾರ ಬೋರ್, ಬೇಸಿಗೆಯಲ್ಲಿ ಟ್ಯಾಂಕರ್. ಸೋಪಿನ ನೊರೆಯ ಪ್ರಯೋಗ ಸೋಮವಾರ ಒಂದು ಥರ, ಗುರುವಾರ ಇನ್ನೊಂದು ಥರ ಬಂದರೆ ಸಂಪಿಗೆ ಯಾವ ನೀರು ಬಂತು ಅಂತ ವಾಚ್‌ಮನ್ನನ್ನು ಕೇಳಿ. ಕೆಂಪು ಕೋಸಿನ ಸೂಚಕವನ್ನು ಬೋರ್ ನೀರಿನಲ್ಲಿ ಕುದಿಸಿದರೆ ಆಮ್ಲ, ಪ್ರತ್ಯಾಮ್ಲ ಹಾಕುವ ಮೊದಲೇ ನೀಲಿಗೆ ತಿರುಗಬಹುದು. ಗಡಸು ನೀರಿನ ಬೈಕಾರ್ಬನೇಟ್ ಕುದಿಯುವಾಗ ಕಾರ್ಬನ್ ಡೈಆಕ್ಸೈಡ್ ಬಿಟ್ಟು, ನೀರು ಇನ್ನಷ್ಟು ಪ್ರತ್ಯಾಮ್ಲೀಯ ಆಗುತ್ತದೆ. ಲ್ಯಾಬಿನಲ್ಲಿ ಡಿಸ್ಟಿಲ್ಡ್ ವಾಟರ್ ಮುಗಿದಿದ್ದರೆ ಬ್ಯಾಟರಿ ಅಂಗಡಿಯ ನೀರು ತರಿಸಿ, ಅದನ್ನೂ ಸಿಲ್ವರ್ ನೈಟ್ರೇಟ್ ಹಾಕಿ ನೋಡಿಯೇ ಬಳಸಿ.

ಎಲೆ ನೀಲಿಯಾಗಲಿಲ್ಲ

ಬೆಳಕು ಬಿದ್ದ ಎಲೆಯಲ್ಲಿ ಪಿಷ್ಟ ಇದೆಯಾ ಅಂತ ಅಯೋಡಿನ್ ಹಾಕಿ ನೋಡುವ ಪ್ರಯೋಗ ಇದು. ಕಪ್ಪು ಕಾಗದ ಮುಚ್ಚಿದ ಜಾಗವೂ ನೀಲಿಯಾದರೆ ಗಿಡವನ್ನು ಮೊದಲು ಎರಡು ಮೂರು ದಿನ ಕತ್ತಲಲ್ಲಿ ಇಟ್ಟಿಲ್ಲ, ಹಳೆಯ ಪಿಷ್ಟ ಹಾಗೇ ಇದೆ. ಎಲ್ಲೂ ನೀಲಿ ಬರದಿದ್ದರೆ ಹಿಂದಿನ ದಿನ ಬಿಸಿಲಿತ್ತಾ ಅಂತ ನೆನಪು ಮಾಡಿಕೊಳ್ಳಿ. ಜುಲೈ, ಆಗಸ್ಟಿನ ಬೆಂಗಳೂರು ಮೋಡದಲ್ಲಿ ಈ ಪ್ರಯೋಗ ಇಟ್ಟುಕೊಂಡರೆ ನಿರಾಸೆಯೇ ಜಾಸ್ತಿ. ಬಿಸಿಲಿದ್ದೂ ಬರದಿದ್ದರೆ ಎಲೆ ಇನ್ನೂ ಬಿಸಿ ಇದೆಯಾ ನೋಡಿ. ಅಯೋಡಿನ್ ಮತ್ತು ಪಿಷ್ಟದ ನೀಲಿ ಬಣ್ಣ ಬಿಸಿಗೆ ಮಾಯವಾಗುತ್ತದೆ, ತಣ್ಣಗಾದರೆ ವಾಪಸು ಬರುತ್ತದೆ. ಎಲೆ ಕಸದ ಬುಟ್ಟಿಗೆ ಹಾಕುವ ಮೊದಲು ತಣ್ಣೀರಿನಲ್ಲಿ ಒಂದು ನಿಮಿಷ ಬಿಡಿ. ಎಲೆಯ ಹಸಿರು ಬಿಟ್ಟಿಲ್ಲ ಅಂದರೆ ಆಲ್ಕೋಹಾಲ್ ಕುದಿದಿಲ್ಲ. ಅದಕ್ಕಾಗಿ ನೇರ ಬೆಂಕಿಯ ಮೇಲೆ ಮಾತ್ರ ಇಡಬೇಡಿ, ಬಿಸಿನೀರಿನ ಬೀಕರಿನೊಳಗೇ ಇಡಿ.

ನೀರಿನ ಗಿಡ ಹೈಡ್ರಿಲ್ಲಾ ಬೆಳಕಿನಲ್ಲಿ ಗುಳ್ಳೆ ಬಿಡದಿದ್ದರೆ ನೀರು ಕುದಿಸಿ ಆರಿಸಿದ್ದೇ ಅಂತ ನೋಡಿ, ಅದರಲ್ಲಿ ಕಾರ್ಬನ್ ಡೈಆಕ್ಸೈಡ್ ಇರುವುದಿಲ್ಲ. ಚಿಟಿಕೆ ಅಡುಗೆ ಸೋಡಾ ಹಾಕಿ. ಗುಳ್ಳೆ ಬಂದರೂ ಪೂರ್ತಿ ನಂಬಬೇಡಿ: ದೀಪದ ಬಿಸಿಗೆ ನೀರಿನಲ್ಲಿ ಕರಗಿದ್ದ ಗಾಳಿಯೂ ಗುಳ್ಳೆಯಾಗಿ ಹೊರಬರುತ್ತದೆ. ಗಿಡ ಇಲ್ಲದ ಇನ್ನೊಂದು ಬೀಕರ್ ಪಕ್ಕದಲ್ಲಿಟ್ಟರೆ ಗೊತ್ತಾಗುತ್ತದೆ.

ರೆಕಾರ್ಡಿನಲ್ಲಿ ಏನು ಬರೆಯುವುದು

ಕಡೆಯ ದೋಷ ಉಪಕರಣದ್ದಲ್ಲ, ಪೆನ್ನಿನದು. ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ತುಂಬುವುದು. ಇದನ್ನು ಹಿಡಿಯುವುದೂ ಸುಲಭ. ನಿಜವಾದ ಸ್ಟಾಪ್‌ವಾಚ್ ರೀಡಿಂಗುಗಳ ಕೊನೆಯ ಅಂಕಿ ಕುಣಿಯುತ್ತದೆ: 40.31, 40.12, 40.27. ಮೂರೂ 40.20 ಅಂತಿದ್ದು, ಗ್ರಾಫಿನ ಆರೂ ಚುಕ್ಕಿ ಗೆರೆಯ ಮೇಲೇ ಕೂತಿದ್ದರೆ ಯಾವ ಮೇಷ್ಟರೂ ನಂಬುವುದಿಲ್ಲ. ಅದೇ ‘ಜಿ 9.45 ಬಂತು, ನೂರಕ್ಕೆ ಮೂರಕ್ಕಿಂತ ಜಾಸ್ತಿ ಕಡಿಮೆ. ಎಲ್ಲ ಉದ್ದಕ್ಕೂ ಹೀಗೇ ಬಂದದ್ದರಿಂದ ಉದ್ದದ ಅಳತೆ ಕಾರಣವಲ್ಲ. ಓಲಾಟ 30 ಡಿಗ್ರಿಯ ಹತ್ತಿರ ಇತ್ತು. ಸಣ್ಣ ಓಲಾಟದಲ್ಲಿ ಮತ್ತೆ ಮಾಡಿದಾಗ 9.74 ಬಂತು’ ಅಂತ ಬರೆದ ಪುಟಕ್ಕೆ ಅಂಕ ಕಡಿಯುವುದು ಕಷ್ಟ. ಪರೀಕ್ಷೆಯಲ್ಲಿ ಮತ್ತೆ ಮಾಡಲು ಸಮಯ ಇಲ್ಲದಿದ್ದರೆ ಕೊನೆಯ ಸಾಲು ಬಿಟ್ಟು ಉಳಿದದ್ದು ಬರೆಯಿರಿ. ಒಂದೇ ರೀಡಿಂಗಿಗೆ ಸಮಯ ಇದ್ದರೆ ಅತಿ ಉದ್ದದ ದಾರದ್ದನ್ನು ಮತ್ತೆ ತಗೊಳ್ಳಿ, ತಪ್ಪಿನ ಪಾಲು ಅಲ್ಲೇ ಕಡಿಮೆ.